ಹಳೇ ಚಿತ್ರದ ಕಾರ್ಡು: ಹುಡುಕುವುದು, ಓದುವುದು, ಆಮೇಲೆ ಊಹಿಸುವುದು

ಮೊದಲು ನಿಮ್ಮ ಮನೆಯ ಅಟ್ಟ ಹತ್ತಿ. ತಮಾಷೆಗೆ ಹೇಳುತ್ತಿಲ್ಲ. ಹಳೇ ಪಿಕ್ಚರ್ ಪೋಸ್ಟ್‌ಕಾರ್ಡ್ ಕೂಡಿಡಬೇಕು ಅಂತ ಆಸೆಯಾದ ತಕ್ಷಣ ಎಲ್ಲರೂ ಮೊಬೈಲ್ ತೆಗೆದು ಹರಾಜಿನ ಸೈಟು ನೋಡುತ್ತಾರೆ, ಬೆಲೆ ನೋಡಿ ಗಾಬರಿಯಾಗಿ ಸುಮ್ಮನಾಗುತ್ತಾರೆ. ಅದರ ಬದಲು ತಾತನ ಕಾಲದ ಟ್ರಂಕು ಇಳಿಸಿ. ಅಜ್ಜ ಕುರ್ಚಿಯಲ್ಲಿ ಬಿಗಿಯಾಗಿ ಕೂತು, ಅಜ್ಜಿ ಪಕ್ಕದಲ್ಲಿ ನಿಂತು, ಹಿಂದೆ ಬಣ್ಣ ಬಳಿದ ಪರದೆ ಇರುವ ಸ್ಟುಡಿಯೋ ಫೋಟೋ ಇರುತ್ತದಲ್ಲ, ಅದನ್ನು ತಿರುಗಿಸಿ ನೋಡಿ. ಹಿಂದೆ ಇಂಗ್ಲಿಷಿನಲ್ಲಿ ‘ಪೋಸ್ಟ್ ಕಾರ್ಡ್’ ಅಂತ ಅಚ್ಚಾಗಿದ್ದು ನಡುವೆ ಒಂದು ಗೆರೆ ಇದ್ದರೆ, ನಿಮ್ಮ ಸಂಗ್ರಹ ಆಗಲೇ ಶುರುವಾಯಿತು. ಆ ಕಾಲದಲ್ಲಿ ಸ್ಟುಡಿಯೋದವರಿಗೆ ಇಂಥ ಫೋಟೋ ಕಾಗದ ಸಿಗುತ್ತಿತ್ತು. ಬೇಕಿದ್ದರೆ ಸ್ಟಾಂಪು ಅಂಟಿಸಿ ನೆಂಟರಿಗೆ ಹಾಗೇ ಅಂಚೆಗೆ ಹಾಕಬಹುದಿತ್ತು. ಹೆಚ್ಚಿನವರು ಹಾಕಲಿಲ್ಲ, ಟ್ರಂಕಿನಲ್ಲಿಟ್ಟರು.

ನಾನು ಇದರಲ್ಲಿ ಬಿದ್ದು ಹತ್ತಾರು ವರ್ಷವಾಯಿತು. ಬೆಂಗಳೂರು, ಮೈಸೂರಿನ ಕಾರ್ಡುಗಳೇ ಜಾಸ್ತಿ. ಮಾಡಿದ ತಪ್ಪುಗಳೂ ಜಾಸ್ತಿ. ಎರಡನ್ನೂ ಸೇರಿಸಿ ಹೇಳುತ್ತೇನೆ.

ಕಾರ್ಡಿನ ಜಾತಕ ಚಿಕ್ಕದಾಗಿ ಹೇಳಿಬಿಡುತ್ತೇನೆ. 1869ರ ಅಕ್ಟೋಬರಿನಲ್ಲಿ ಆಸ್ಟ್ರಿಯಾ-ಹಂಗೇರಿಯವರು ಮೊದಲ ಅಂಚೆ ಕಾರ್ಡು ತಂದರು. ನಮ್ಮಲ್ಲಿಗೆ ಬಂದಿದ್ದು 1879ರ ಜುಲೈನಲ್ಲಿ, ಬೆಲೆ ಕಾಲಾಣೆ. ಅಂದರೆ ಒಂದು ರೂಪಾಯಿಗೆ 64 ಕಾರ್ಡು. ಅವು ಬರೀ ಕಾರ್ಡುಗಳು, ಚಿತ್ರ ಇರಲಿಲ್ಲ. ಚಿತ್ರದ ಕಾರ್ಡಿನ ಹುಚ್ಚು ಜಗತ್ತಿಗೆಲ್ಲ ಹಿಡಿದಿದ್ದು 1900ರ ಆಚೀಚೆ, ಅದು ಮೊದಲ ಮಹಾಯುದ್ಧದವರೆಗೂ ಇಳಿಯಲಿಲ್ಲ. ಮದ್ರಾಸಿನ ಹಿಗ್ಗಿನ್‌ಬಾಥಮ್ಸ್, ಸ್ಪೆನ್ಸರ್, ಮುಂಬಯಿಯ ಕ್ಲಿಫ್ಟನ್, ಕಲಕತ್ತೆಯ ಜಾನ್‌ಸ್ಟನ್ ಅಂಡ್ ಹಾಫ್‌ಮನ್, ಲಂಡನ್ನಿನ ರಾಫೆಲ್ ಟಕ್, ಹೀಗೆ ಎಷ್ಟೋ ಜನ ನಮ್ಮ ಊರು, ಬೀದಿ, ದೇವಸ್ಥಾನ, ಜನರನ್ನೆಲ್ಲ ಕಾರ್ಡು ಮಾಡಿ ಮಾರಿದರು. ಫೋಟೋ ತೆಗೆದಿದ್ದು ಇಲ್ಲಿ, ಆದರೆ ಅಚ್ಚಾಗಿದ್ದು ಬಹಳ ಸಲ ಜರ್ಮನಿಯಲ್ಲಿ. ಆಗ ಬಣ್ಣದ ಅಚ್ಚಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. 1914ರಲ್ಲಿ ಯುದ್ಧ ಶುರುವಾದ ಮೇಲೆ ಆ ದಾರಿ ಮುಚ್ಚಿತು. ಹಾಗಾಗಿ ಕಾರ್ಡಿನ ಅಂಚಿನಲ್ಲಿ ‘ಸ್ಯಾಕ್ಸನಿಯಲ್ಲಿ ಅಚ್ಚಾದದ್ದು’ (ಸ್ಯಾಕ್ಸನಿ ಜರ್ಮನಿಯ ಒಂದು ಭಾಗ) ಅಂತ ಚಿಕ್ಕ ಅಕ್ಷರದಲ್ಲಿ ಇದ್ದರೆ, ಹೆಚ್ಚುಕಡಿಮೆ ಯುದ್ಧಕ್ಕಿಂತ ಮುಂಚಿನದು ಅಂದುಕೊಳ್ಳಬಹುದು.

ಎಲ್ಲಿ ಸಿಗುತ್ತವೆ

ಅಟ್ಟ ಮುಗಿದ ಮೇಲೆ ಗುಜರಿ. ಬೆಂಗಳೂರಿನಲ್ಲಿದ್ದರೆ ಭಾನುವಾರ ಬೆಳಿಗ್ಗೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿಗೆ ಬೇಗ ಹೋಗಿ, ಅವೆನ್ಯೂ ರೋಡಿನ ಹಳೇ ಪುಸ್ತಕದವರನ್ನು ಕೇಳಿ. ಪುಸ್ತಕದೊಳಗೆ ಗುರುತಿಗೆ ಅಂತ ಇಟ್ಟ ಕಾರ್ಡುಗಳು ಬೇಕಾದಷ್ಟು ಸಿಕ್ಕಿವೆ ನನಗೆ. ಹಳೇ ಕಾಗದ ಮಾರುವವರ ಹತ್ತಿರ ಒಂದು ಮಾತು ಹೇಳಿಟ್ಟಿರಿ, ‘ಬರೆದ ಕಾರ್ಡೂ ಬೇಕು’ ಅಂತ. ಬರೆಯದೆ ಹೊಸದರಂತಿರುವ ಕಾರ್ಡಿಗೆ ಮಾತ್ರ ಬೆಲೆ ಅಂತ ಅವರ ನಂಬಿಕೆ. ಬರೆದಿದ್ದನ್ನು ಎಷ್ಟೋ ಸಲ ಬಿಸಾಡಿಬಿಡುತ್ತಾರೆ. ನಮಗೆ ಬೇಕಾಗಿದ್ದೇ ಅದು ಅಲ್ವಾ?

ಆಮೇಲೆ ಸ್ಟಾಂಪಿನವರು. ಕರ್ನಾಪೆಕ್ಸ್ ಅಂತ ಕರ್ನಾಟಕ ಅಂಚೆ ವೃತ್ತದವರು ನಡೆಸುವ ಅಂಚೆಚೀಟಿ ಪ್ರದರ್ಶನಕ್ಕೆ ಒಮ್ಮೆ ಹೋಗಿ ಬನ್ನಿ. ಅಂಥ ಕಡೆ ವ್ಯಾಪಾರಿಗಳ ಮೇಜಿನ ಮೇಲೆ ಶೂ ಡಬ್ಬಿಯ ತುಂಬ ಕಾರ್ಡು ಇರುತ್ತವೆ, ನಿಂತುಕೊಂಡು ಒಂದೊಂದಾಗಿ ತಿರುವಿ ಹಾಕಬೇಕು. ಸೊಂಟ ಹಿಡಿಯುತ್ತದೆ, ಆದರೆ ಅದರಷ್ಟು ಮಜಾ ಇನ್ಯಾವುದರಲ್ಲೂ ಇಲ್ಲ.

ಹೊರದೇಶದ ಸೈಟುಗಳಲ್ಲಿ ಈಬೇ ಎಲ್ಲರಿಗೂ ಗೊತ್ತು, ಬೆಲ್ಜಿಯಮ್ಮಿನ ಡೆಲ್‌ಕ್ಯಾಂಪ್ ಕಾರ್ಡಿಗೇ ಹೆಸರಾದದ್ದು. ಬೆಂಗಳೂರಿನ ಕಾರ್ಡು ಬೆಂಗಳೂರಿಗಿಂತ ಇಂಗ್ಲೆಂಡಿನಲ್ಲಿ ಜಾಸ್ತಿ ಸಿಗುವುದು ಯಾಕೆ ಅಂದರೆ, ಕೊಂಡವರು ಕಂಟೋನ್ಮೆಂಟಿನ ಬಿಳಿಯರು, ಕಳಿಸಿದ್ದು ಅವರ ಊರಿಗೆ. ಹಾಗಾಗಿ ಇಂಗ್ಲೆಂಡಿನಲ್ಲಿ ಇರುವ ನಿಮ್ಮ ಅಕ್ಕನೋ ಭಾವನೋ ಮುಂದಿನ ರಜೆಗೆ ಬರುವಾಗ ಚಾಕೊಲೇಟ್ ಬಿಟ್ಟು ಅಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಎರಡು ಕಾರ್ಡು ಹುಡುಕಿ ತರಲಿ. ಹುಡುಕುವಾಗ ಹಳೇ ಹೆಸರು ಗೊತ್ತಿರಬೇಕು. ಎಂ.ಜಿ. ರೋಡು ಅಂತ ಹುಡುಕಿದರೆ ಏನೂ ಸಿಗುವುದಿಲ್ಲ, ಸೌತ್ ಪೆರೇಡ್ ಅಂತ ಹುಡುಕಿ.

ಕರಾವಳಿಯವರಿಗೆ ಇನ್ನೊಂದು ದಾರಿ ಇದೆ. ಬಾಸೆಲ್ ಮಿಷನ್ನಿನವರು 1834ರಿಂದ ಮಂಗಳೂರಿನಲ್ಲಿದ್ದವರು. ತಮ್ಮ ಕೆಲಸವನ್ನು ತಮ್ಮೂರಿನವರಿಗೆ ತೋರಿಸಲು ಅವರೂ ಫೋಟೋ, ಕಾರ್ಡು ಮಾಡಿಸಿದರು. ಅವರ ಹಳೇ ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಗ್ರಹದ ಜಾಲತಾಣದಲ್ಲಿ ಬಿಟ್ಟಿಯಾಗಿ ನೋಡಲು ಸಿಗುತ್ತವೆ. ಕೊಳ್ಳುವ ಮೊದಲು ಕಣ್ಣು ಪಳಗಿಸಿಕೊಳ್ಳಲು ಅದಕ್ಕಿಂತ ಒಳ್ಳೇ ಜಾಗ ಇಲ್ಲ.

ಬೆಲೆಯ ಬಗ್ಗೆ ಒಂದೇ ಮಾತು. ಮೊದಲ ವರ್ಷ ನಿಮಗೆ ನೀವೇ ಒಂದು ಮಿತಿ ಹಾಕಿಕೊಳ್ಳಿ, ಒಂದೇ ವಿಷಯ ಹಿಡಿಯಿರಿ. ನಿಮ್ಮೂರು, ರೈಲ್ವೆ ಸ್ಟೇಷನ್ನು, ಕೆರೆ, ಯಾವುದಾದರೂ ಸರಿ. ಕಂಡಿದ್ದೆಲ್ಲ ಕೊಂಡರೆ ಮೂರು ತಿಂಗಳಲ್ಲಿ ದುಡ್ಡೂ ಮುಗಿಯುತ್ತದೆ, ಆಸೆಯೂ ಮುಗಿಯುತ್ತದೆ.

ಮೋಸ ಹೋದ ಕಥೆ

ಒಂದು ಅಂಗಡಿಯಲ್ಲಿ ಜಂಬೂ ಸವಾರಿಯ ಕಾರ್ಡು ಸಿಕ್ಕಿತು. ಅಂಚು ಕಂದು ತಿರುಗಿತ್ತು, ಮೂಲೆ ಸವೆದಿತ್ತು, ಹಿಂದೆ ಓರೆಯಾದ ಇಂಗ್ಲಿಷ್ ಬರಹ. ಅರಮನೆ ನೌಕರರೊಬ್ಬರ ಮನೆಯಿಂದ ಬಂದಿದ್ದು ಅಂದರು. ಚೌಕಾಸಿ ಮಾಡಿ 800 ರೂಪಾಯಿ ಕೊಟ್ಟೆ. ಮನೆಗೆ ಬಂದು ಮೂಸಿ ನೋಡಿದರೆ ಟೀ ಡಿಕಾಕ್ಷನ್ ವಾಸನೆ! ಹಳೆಯದಾಗಿ ಕಾಣಲಿ ಅಂತ ಅದ್ದಿ ತೆಗೆದಿದ್ದರು.

ಅವತ್ತಿನಿಂದ ಎರಡು ಸಾಮಾನು ಜೇಬಿನಲ್ಲೇ ಇರುತ್ತವೆ. ಒಂದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಇನ್ನೊಂದು, ನೋಟು ನೋಡಲು ಅಂಗಡಿಯವರು ಇಟ್ಟುಕೊಳ್ಳುವಂಥ ನೇರಳೆ ಬೆಳಕಿನ ಪುಟ್ಟ ಟಾರ್ಚು. ಸುಮಾರು 1950ರ ನಂತರದ ಕಾಗದಗಳಿಗೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸುವುದು ಶುರುವಾಯಿತು, ಅಂಥ ಕಾಗದ ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಹಳೇ ಕಾಗದ ಮಂಕಾಗೇ ಇರುತ್ತದೆ. ಹೊಸ ಕಾಗದವೆಲ್ಲ ಹೊಳೆದೇ ಹೊಳೆಯುತ್ತದೆ ಅಂತಿಲ್ಲ, ಆದರೆ ಹೊಳೆದರೆ ಮಾತ್ರ ಅದು ನೂರು ವರ್ಷದ್ದಲ್ಲ.

ಭೂತಗನ್ನಡಿಯ ಕೆಲಸ ಇನ್ನೂ ಸ್ವಾರಸ್ಯ. ಹಳೇ ಕಾರ್ಡಿನಲ್ಲೂ ಅಚ್ಚಿನ ಸಣ್ಣ ಚುಕ್ಕಿಗಳಿರುತ್ತವೆ, ಚುಕ್ಕಿ ಕಂಡ ಕೂಡಲೇ ನಕಲಿ ಅಂತ ಎಸೆಯಬೇಡಿ. ನೋಡಬೇಕಾಗಿದ್ದು ಬೇರೆ: ಕೈಬರಹದ ಗೆರೆ, ಸ್ಟಾಂಪು, ಕಾಗದದ ಕಲೆ, ಇವೂ ಚುಕ್ಕಿಗಳಿಂದಲೇ ಆಗಿದೆಯಾ? ನಿಜವಾದ ಶಾಯಿ ಕಾಗದದ ನಾರಿನೊಳಗೆ ಇಳಿದಿರುತ್ತದೆ, ಕಲೆಗೆ ಚುಕ್ಕಿ ಇರುವುದಿಲ್ಲ. ಕಲೆಗೇ ಚುಕ್ಕಿ ಇದ್ದರೆ ಅದು ಹಳೇ ಕಾರ್ಡಿನ ಹೊಸ ಅಚ್ಚು. ನನ್ನ ಆ 800 ರೂಪಾಯಿಯ ಕಾರ್ಡಿನಲ್ಲಿ ಓರೆ ಬರಹವೂ ಚುಕ್ಕಿ, ಸೀಲೂ ಚುಕ್ಕಿ. ಟೀ ಮಾತ್ರ ಅಸಲಿ.

ಒಳ್ಳೇ ಹಳೇ ಕಾರ್ಡುಗಳಲ್ಲಿ ಕೊಲೊಟೈಪ್ ಅನ್ನುವ ಅಚ್ಚಿನವು ಬಹಳ. ಅದರಲ್ಲಿ ಸಾಲಾದ ಚುಕ್ಕಿ ಕಾಣುವುದಿಲ್ಲ, ಹಾಲಿನ ಕೆನೆ ಸುಕ್ಕುಗಟ್ಟಿದ ಹಾಗೆ ಸಣ್ಣ ಸಣ್ಣ ಮಡಿಕೆ ಕಾಣುತ್ತದೆ. ನಿಜವಾದ ಫೋಟೋ ಕಾರ್ಡಾದರೆ ಚುಕ್ಕಿಯೂ ಇಲ್ಲ, ಮಡಿಕೆಯೂ ಇಲ್ಲ, ಎಲ್ಲ ನುಣ್ಣಗೆ. ಓರೆಯಾಗಿ ಬೆಳಕಿಗೆ ಹಿಡಿದರೆ ಕಪ್ಪು ಜಾಗಗಳಲ್ಲಿ ಕನ್ನಡಿಯಂಥ ಬೆಳ್ಳಿ ಹೊಳಪು ಕಾಣುತ್ತದೆ. ಹಾಗೆ ಹೊಳೆದರೆ ಖುಷಿಪಡಿ.

ಯಾವ ಇಸವಿ?

ಇಲ್ಲಿ ಎಲ್ಲರೂ ಎಡವುತ್ತಾರೆ. ಒಂದು ಕಾರ್ಡಿಗೆ ಒಂದೇ ಇಸವಿ ಇರುವುದಿಲ್ಲ, ಮೂರು ಇರುತ್ತವೆ. ಫೋಟೋ ತೆಗೆದದ್ದು, ಅಚ್ಚಾದದ್ದು, ಅಂಚೆಗೆ ಬಿದ್ದದ್ದು. ಸೀಲಿನಲ್ಲಿರುವುದು ಮೂರನೆಯದು ಮಾತ್ರ. ಅಂಗಡಿಯಲ್ಲಿ ಹತ್ತು ವರ್ಷ ಕೊಳೆತ ಕಾರ್ಡನ್ನೂ ಯಾರೋ ಕೊಂಡು ಕಳಿಸಿರಬಹುದು.

ಅಚ್ಚಿನ ಕಾಲಕ್ಕೆ ಹಿಂಬದಿ ನೋಡಿ. ಮೊದಮೊದಲು ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಹೇಳಬೇಕಾದ್ದನ್ನು ಚಿತ್ರದ ಪಕ್ಕದ ಖಾಲಿ ಜಾಗದಲ್ಲಿ ತುರುಕಬೇಕಿತ್ತು, ಆಕಾಶದ ಮೇಲೆ, ಮರದ ನೆರಳಿನಲ್ಲಿ. 1902ರಲ್ಲಿ ಬ್ರಿಟನ್ ಹಿಂಬದಿಗೆ ನಡುವೆ ಗೆರೆ ಹಾಕಿ ಅರ್ಧ ಮಾತಿಗೆ, ಅರ್ಧ ವಿಳಾಸಕ್ಕೆ ಅಂತ ಮಾಡಿತು. ಉಳಿದವರು ಒಬ್ಬೊಬ್ಬರಾಗಿ ಅದನ್ನೇ ಮಾಡಿದರು, ಅಮೆರಿಕದವರು 1907ರಲ್ಲಿ. ಹಾಗಾಗಿ ಗೆರೆ ಇಲ್ಲದ, ಚಿತ್ರದ ಮೇಲೇ ಬರೆದ ಕಾರ್ಡು ಸಿಕ್ಕರೆ ಅದು ಬಹುಮಟ್ಟಿಗೆ ಹಳೇ ತಲೆ.

ಸ್ಟಾಂಪಿನ ಮೇಲಿನ ಮುಖವೂ ಸಹಾಯಕ್ಕೆ ಬರುತ್ತದೆ. ರಾಣಿ ವಿಕ್ಟೋರಿಯಾ ಇದ್ದರೆ ಸಾಮಾನ್ಯವಾಗಿ 1902ಕ್ಕೆ ಮುಂಚೆ. ಗಡ್ಡದ ಎಡ್ವರ್ಡ್ 1902ರಿಂದ, ಗಡ್ಡವಿದ್ದೂ ಕಿರೀಟ ತೊಟ್ಟ ಐದನೇ ಜಾರ್ಜ್ 1911ರಿಂದ. ಇಬ್ಬರಿಗೂ ಗಡ್ಡ, ಆದರೆ ಎಡ್ವರ್ಡ್ ಬರೀತಲೆಯವನು. ಹಳೇ ಸ್ಟಾಂಪು ಖರ್ಚಾಗುವವರೆಗೂ ಜನ ಅಂಟಿಸುತ್ತಿದ್ದರು ಅನ್ನುವುದು ನೆನಪಿರಲಿ. ದರವೂ ಒಂದು ಸುಳಿವು: ಒಳನಾಡಿಗೆ ಕಾಲಾಣೆ ಇದ್ದದ್ದು 1922ರವರೆಗೆ, ಆಮೇಲೆ ಅರ್ಧಾಣೆ. ವಿಲಾಯತಿಗೆ ಹೋದ ಕಾರ್ಡಿನಲ್ಲಿ ಕೆಲವೊಮ್ಮೆ ‘ಸೀ ಪೋಸ್ಟ್ ಆಫೀಸ್’ ಅನ್ನುವ ಸೀಲು ಇರುತ್ತದೆ. ಮುಂಬಯಿಯಿಂದ ಏಡನ್ ಕಡೆಗೆ ಹೋಗುವ ಹಡಗಿನಲ್ಲೇ ಕೂತು ಕಾಗದ ವಿಂಗಡಿಸುತ್ತಿದ್ದರು. ಆ ಸೀಲು ಕಂಡರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ. ಅಲೆಯ ಮೇಲೆ ಓಲಾಡುತ್ತ ಒಬ್ಬ ಗುಮಾಸ್ತ ಈ ಕಾರ್ಡನ್ನೇ ಕೈಯಲ್ಲಿ ಹಿಡಿದು ಧಬ್ ಅಂತ ಒತ್ತಿದ್ದಾನೆ.

ಫೋಟೋ ತೆಗೆದ ಇಸವಿ ಹಿಡಿಯುವುದು ಇನ್ನೂ ಮಜಾ, ಅದಕ್ಕೆ ಊರು ಗೊತ್ತಿರಬೇಕು. ಮೈಸೂರಿನ ಹಳೇ ಮರದ ಅರಮನೆ ಸುಟ್ಟಿದ್ದು 1897ರಲ್ಲಿ, ಈಗಿನ ಅರಮನೆ ಮುಗಿದಿದ್ದು 1912ರಲ್ಲಿ. ದೊಡ್ಡ ಗಡಿಯಾರ ಕಟ್ಟಿದ್ದು 1927ರಲ್ಲಿ, ಆ ಜಾಗ ಖಾಲಿ ಕಂಡರೆ ಅದಕ್ಕೆ ಮುಂಚಿನ ಫೋಟೋ. ಕಬ್ಬನ್ ಪಾರ್ಕಿನ ವಿಕ್ಟೋರಿಯಾ ಪ್ರತಿಮೆ ನಿಂತದ್ದು 1906ರಲ್ಲಿ. ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದಿದ್ದು 1905ರಲ್ಲಿ. ಆದರೆ ಕಂಬ ಕಂಡ ತಕ್ಷಣ ಕರೆಂಟ್ ಅಂದುಕೊಳ್ಳಬೇಡಿ, ಟೆಲಿಗ್ರಾಫಿನ ತಂತಿ ಕಂಬ ಅದಕ್ಕೂ ಮೊದಲೇ ಇತ್ತು. ಗಂಟೆಯನ್ನೂ ಹೇಳಬಹುದು. ಮೈಸೂರು ಅರಮನೆಯ ಮುಖ ಪೂರ್ವಕ್ಕೆ. ಮುಂಭಾಗ ಬಿಸಿಲಿನಲ್ಲಿ ಝಗಮಗ ಅಂತಿದ್ದರೆ ಫೋಟೋಗ್ರಾಫರು ಬೆಳಗಿನ ಹೊತ್ತು ಬಂದಿದ್ದರು ಅಂತ ಅರ್ಥ. ತಿಂಡಿ ತಿಂದು ಬಂದರೋ, ತಿನ್ನದೆ ಬಂದರೋ ಅದು ನಿಮ್ಮ ಊಹೆಗೆ ಬಿಟ್ಟಿದ್ದು.

ಟಕ್ ಕಂಪನಿಯ ಕಾರ್ಡಾದರೆ ಹಿಂದಿನ ನಂಬರ್ ಬರೆದಿಟ್ಟುಕೊಳ್ಳಿ. 1940ರ ಡಿಸೆಂಬರಿನ ಬಾಂಬ್ ದಾಳಿಯಲ್ಲಿ ಅವರ ಲಂಡನ್ ಕಟ್ಟಡ ಸುಟ್ಟು ದಾಖಲೆಗಳೆಲ್ಲ ಹೋದವು. ಈಗ ಟಕ್‌ಡಿಬಿ ಅನ್ನುವ ಜಾಲತಾಣದಲ್ಲಿ ಆ ಪಟ್ಟಿಯನ್ನು ಕಾರ್ಡು ಕಾರ್ಡಾಗಿ ಮತ್ತೆ ಕಟ್ಟುತ್ತಿದ್ದಾರೆ.

ಪೆನ್ನು, ಪೆನ್ಸಿಲ್ಲು

ಈಗ ಊಹೆ. ಒಂದು ನೋಟ್‌ಬುಕ್ ಇಡಿ. ಗೊತ್ತಿರುವುದನ್ನು ಪೆನ್ನಿನಲ್ಲಿ ಬರೆಯಿರಿ, ಊಹಿಸಿದ್ದನ್ನು ಪೆನ್ಸಿಲ್ಲಿನಲ್ಲಿ. ಈ ಒಂದು ನಿಯಮ ಬಿಟ್ಟರೆ ಊಹೆಗೆ ನಾನು ಬೇರೆ ಬೇಲಿ ಹಾಕುವುದಿಲ್ಲ.

ಮೊದಲು ಬರಹವನ್ನು ಇದ್ದ ಹಾಗೇ ನಕಲು ಮಾಡಿ, ತಪ್ಪು ಸ್ಪೆಲ್ಲಿಂಗ್ ಸಮೇತ. ಓದಲು ಬಾರದ ಪದ ಇದ್ದರೆ ಫೋಟೋ ತೆಗೆದು ಹಿಗ್ಗಿಸಿ ಜೋರಾಗಿ ಓದಿ, ಕಣ್ಣಿಗೆ ಸಿಗದ್ದು ಎಷ್ಟೋ ಸಲ ಬಾಯಿಗೆ ಸಿಗುತ್ತದೆ. ಮೂಲೆಗಳನ್ನೂ ನೋಡಿ, ಜಾಗ ಸಾಲದೆ ತಲೆಕೆಳಗಾಗಿ ಬರೆದಿರುತ್ತಾರೆ. ನಿಜವಾದ ವಿಷಯ ಅಲ್ಲೇ ಇರುವುದು. ಆರು ಸಾಲು ಹವಾಮಾನ, ಕೊನೆಗೆ ಮೂಲೆಯಲ್ಲಿ ಇಷ್ಟೇ ಇಷ್ಟು ಅಕ್ಷರದಲ್ಲಿ ದುಡ್ಡು ಬಂತಾ ಅಂತ ಪ್ರಶ್ನೆ. ಸ್ಟಾಂಪು ಓರೆಯಾಗಿದ್ದರೆ ಅದನ್ನೂ ಬರೆದುಕೊಳ್ಳಿ. ಆ ಕಾಲದಲ್ಲಿ ಸ್ಟಾಂಪು ಯಾವ ಕಡೆ ವಾಲಿದೆ ಅನ್ನುವುದರಲ್ಲೇ ಪ್ರೀತಿ-ಗೀತಿ ಹೇಳುವ ಗುಟ್ಟಿನ ಭಾಷೆ ಇತ್ತು, ಅದರ ಅರ್ಥ ಹೇಳುವ ಕಾರ್ಡುಗಳೇ ಮಾರಾಟವಾಗುತ್ತಿದ್ದವು. ಸುಮ್ನೆ ಅವಸರದಲ್ಲಿ ಅಂಟಿಸಿದ್ದೂ ಇರಬಹುದು. ಪೆನ್ಸಿಲ್ಲಿನಲ್ಲಿ ಬರೆಯಿರಿ.

ಹೆಸರು, ವಿಳಾಸ ಸಿಕ್ಕರೆ ಹುಡುಕಲು ದಾರಿಗಳಿವೆ. ಬ್ರಿಟನ್ನಿನ 1911ರ ಜನಗಣತಿ ನೋಡಲು ಸಿಗುತ್ತದೆ, 1921ರದ್ದು 2022ರ ಜನವರಿಯಲ್ಲಿ ತೆರೆಯಿತು. ಬ್ರಿಟಿಷ್ ಇಂಡಿಯಾದ ಕುಟುಂಬಗಳ ದಾಖಲೆಗೆ ಫಿಬಿಸ್ ಅನ್ನುವ ಸಂಘದ ಹುಡುಕುಪಟ್ಟಿ ಇದೆ. ಸಿಪಾಯಿಯ ಕಾರ್ಡಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರು ಹಾಕಿ ನೋಡಿ. ಹೆಸರು ಸಿಗದಿರಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡು ಹುಡುಕಿದ ರಾತ್ರಿಗಳೂ ಇವೆ.

ನನ್ನ ಹತ್ತಿರ 1909ರಲ್ಲಿ ಬೆಂಗಳೂರಿನಿಂದ ಹೋದ ಒಂದು ಕಾರ್ಡಿದೆ. ಚಿತ್ರ ಸೌತ್ ಪೆರೇಡಿನದು, ಬಣ್ಣ ಹಾಕಿದ್ದು. ಇಂಗ್ಲೆಂಡಿನ ಒಂದು ಸಣ್ಣ ಊರಿನ ಮಿಸ್‌ಗೆ ಬರೆದದ್ದು. ಸಹಿ ಬರೀ ‘ಎಫ್’. ಇಲ್ಲಿನ ಚಳಿ ನಮ್ಮಲ್ಲಿನ ಜೂನ್ ಇದ್ದ ಹಾಗಿದೆ, ಅಡುಗೆಯವನು ಕೆಲಸ ಬಿಟ್ಟ, ರಾತ್ರಿ ಪಾಳಿ ಮುಗಿದರೆ ಸಾಕಾಗಿದೆ ಅಂತ ನಾಲ್ಕು ಮಾತು. ಅಷ್ಟು ಸಾಕಾಯಿತು ನನಗೆ. ಎಫ್ ಅಂದರೆ ಕಂಟೋನ್ಮೆಂಟಿನ ಸಿಪಾಯಿ, ರಾತ್ರಿ ಕಾವಲಿಗೆ ಹಾಕಿದ್ದಾರೆ, ಆ ಮಿಸ್ ಇವನು ಮದುವೆಯಾಗಬೇಕಾದವಳು, ಇವನು ಬರುವಷ್ಟರಲ್ಲಿ ಅವಳು ಇನ್ಯಾರನ್ನೋ ಮದುವೆಯಾದಳು ಅಂತ ಕಥೆ ಕಟ್ಟಿ ಗೆಳೆಯರ ಮುಂದೆಲ್ಲ ಹೇಳಿ, ಒಂದಿಬ್ಬರ ಕಣ್ಣಲ್ಲಿ ನೀರೂ ಬರಿಸಿದೆ. ಎರಡು ವರ್ಷವಾದ ಮೇಲೆ ಅದೇ ಕೈಬರಹದ, ಅದೇ ವಿಳಾಸದ ಇನ್ನೊಂದು ಕಾರ್ಡು ಬೇರೆ ವ್ಯಾಪಾರಿಯ ಹತ್ತಿರ ಸಿಕ್ಕಿತು. ಅದರಲ್ಲಿ ಮೇಟ್ರನ್ ಬೈದದ್ದು, ಹೊಸ ಏಪ್ರನ್ ಕಳಿಸು ಅಂದದ್ದು, ಕೊನೆಗೆ ಅಮ್ಮನಿಗೆ ಹೇಳಬೇಡ ಅಂದದ್ದು. ಎಫ್ ಸಿಪಾಯಿಯಲ್ಲ, ನರ್ಸು. ಆ ಮಿಸ್ ಅವಳ ತಂಗಿಯೋ ಅಕ್ಕನೋ.

ನಾಚಿಕೆಯಾಯಿತು. ಆದರೆ ಮೊದಲ ಕಥೆಗಿಂತ ಇದೇ ಚೆನ್ನಾಗಿದೆ ಅಲ್ವಾ? ಅಮ್ಮನಿಗೆ ಹೇಳಬಾರದ್ದು ಏನು? ಅದೂ ಎಲ್ಲರೂ ಓದಬಹುದಾದ ಕಾರ್ಡಿನಲ್ಲಿ! ಅಂಚೆಯವನು ಓದಿರುತ್ತಾನೆ, ಆ ಊರಿನಲ್ಲಿ ಬಾಗಿಲಿಗೆ ಬಂದು ಕೊಡುವಾಗ ಅಮ್ಮನ ಕೈಗೇ ಕೊಟ್ಟಿದ್ದರೆ? ನನ್ನ ಪೆನ್ಸಿಲ್ ಇನ್ನೂ ಅಲ್ಲೇ ನಿಂತಿದೆ.

ಚಿತ್ರದೊಳಗಿನವರು

ಕಾರ್ಡು ಕೂಡಿಡುವವರು ಹೆಚ್ಚಾಗಿ ಬರೆದವರ ಬದುಕನ್ನು ಊಹಿಸುತ್ತಾರೆ. ಅದು ಸುಲಭ, ಹೆಸರಿದೆ, ಅಕ್ಷರವಿದೆ. ಮುಂಭಾಗದಲ್ಲಿ ನಿಂತವರನ್ನು ಕೇಳುವವರಿಲ್ಲ. ಬ್ರಿಟಿಷರ ಕಾಲದ ನಮ್ಮ ಕಾರ್ಡುಗಳಲ್ಲಿ ಆಯಾ, ದೋಬಿ, ಬಟ್ಲರ್, ನೀರಿನವನು, ಹೀಗೆ ಕೆಲಸದ ಹೆಸರಷ್ಟೇ ಹಾಕಿ ಮನುಷ್ಯರನ್ನು ನಿಲ್ಲಿಸಿದ್ದಾರೆ. ಕೆಲವು ಬರೀ ನಗಾಡಲು ಮಾಡಿದವು. 2018ರಲ್ಲಿ ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯದಲ್ಲಿ ಮದ್ರಾಸು ಮತ್ತು ಬೆಂಗಳೂರಿನ ಹಳೇ ಕಾರ್ಡುಗಳದ್ದೇ ಒಂದು ಪ್ರದರ್ಶನ ನಡೆಯಿತು, ಅಲ್ಲಿ ಎಷ್ಟೋ ಜನ ಇಂಥ ಕಾರ್ಡುಗಳ ಮುಂದೆ ನಿಂತರಂತೆ. ಇಂಥವನ್ನು ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಕೊಂಡರೆ ಕೆಳಗಿನ ಶೀರ್ಷಿಕೆಯನ್ನು ಹೆಬ್ಬೆರಳಿನಿಂದ ಮುಚ್ಚಿ ಮುಖ ನೋಡಿ.

ಎಫ್‌ಳ ಸೌತ್ ಪೆರೇಡ್ ಕಾರ್ಡನ್ನು ಒಂದು ದಿನ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ. ಎಡಗಡೆ ಮರ, ಒಂದು ಜಟಕಾ, ಅದರ ಹಿಂದೆ ರಸ್ತೆ ಬದಿಯಲ್ಲಿ ಹತ್ತು-ಹನ್ನೆರಡು ವರ್ಷದ ಹುಡುಗ. ಬರಿಗಣ್ಣಿಗೆ ಅವನು ಅಕ್ಕಿಕಾಳಿನಷ್ಟೇ. ಹಿಗ್ಗಿಸಿದರೆ ತಲೆಯ ಮೇಲೆ ಬುಟ್ಟಿ, ಅದಕ್ಕೆ ಮುಚ್ಚಿದ ಬಟ್ಟೆ. ಎಡಗಾಲು ಮಸುಕು, ಅಂದರೆ ನಡೆಯುತ್ತಿದ್ದವನು ಕ್ಯಾಮೆರಾ ಕಂಡು ನಿಲ್ಲಲು ಹೊರಟಿದ್ದಾನೆ, ಪೂರ್ತಿ ನಿಂತಿಲ್ಲ. ಮೈಮೇಲೆ ಕೆಂಪು ಅಂಗಿ. ಚೆನ್ನಾಗಿದೆ ಅಂಗಿ ಅಂದುಕೊಂಡೆ. ಆಮೇಲೆ ಅದೇ ಫೋಟೋದ ಕಪ್ಪು-ಬಿಳುಪು ಕಾರ್ಡು ಸಿಕ್ಕಿತು. ಅದರಲ್ಲಿ ಹುಡುಗನ ಮೈಮೇಲೆ ಅಂಗಿಯೇ ಇಲ್ಲ. ಬೆಂಗಳೂರನ್ನು ಕಂಡೇ ಇಲ್ಲದ, ಜರ್ಮನಿಯ ಅಚ್ಚುಕೂಟದ ಯಾರೋ ಒಬ್ಬರು ಅವನಿಗೆ ಕುಂಚದಲ್ಲಿ ಅಂಗಿ ಹೊಲಿದು ತೊಡಿಸಿದ್ದಾರೆ.

ಎಫ್ ಅವನ ಬಗ್ಗೆ ಒಂದಕ್ಷರ ಬರೆದಿಲ್ಲ. ಬುಟ್ಟಿಯಲ್ಲಿ ಏನಿತ್ತು? ಬಟ್ಟೆ ಮುಚ್ಚಿದ್ದಾರೆ ಅಂದರೆ ಧೂಳು ಬೀಳಬಾರದ ವಸ್ತು, ಬ್ರೆಡ್ಡೋ ಮಾಂಸವೋ. ತಡವಾಯಿತು ಅಂತ ಯಾರಾದರೂ ಬೈದರಾ? ಕಾರ್ಡಿನಲ್ಲಿ ತಾನಿದ್ದೇನೆ ಅಂತ ಅವನಿಗೆ ಯಾವತ್ತಾದರೂ ಗೊತ್ತಾಯಿತಾ? ಇದೆಲ್ಲ ಪೆನ್ಸಿಲ್ಲು. ಪೆನ್ನಿನಲ್ಲಿರುವುದು ಇಷ್ಟೇ: ಹುಡುಗ, ಬುಟ್ಟಿ, ಬಟ್ಟೆ, ಮಸುಕಾದ ಎಡಗಾಲು, ಅಂಗಿ ಇಲ್ಲ.

ಕನ್ನಡದ ಕಾರ್ಡುಗಳು

ಚಿತ್ರದ ಕಾರ್ಡಿನಲ್ಲಿ ಕನ್ನಡ ಬರಹ ಸಿಗುವುದು ಅಪರೂಪ, ಕಂಡರೆ ಬಿಡಬೇಡಿ. ನಮ್ಮವರು ಹೆಚ್ಚಾಗಿ ಬರೆದದ್ದು ಬರೀ ಅಂಚೆ ಕಾರ್ಡಿನಲ್ಲಿ. ಅವನ್ನೂ ಕೂಡಿಡಿ ಅಂತ ನನ್ನ ಸಲಹೆ, ಯಾಕಂದರೆ ಊಹೆಗೆ ಅಲ್ಲಿ ಇನ್ನೂ ಜಾಸ್ತಿ ಸರಕಿದೆ. ಮೇಲೆ ‘ಕ್ಷೇಮ’, ಆಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’, ಆಮೇಲೆ ಕಾಲು ಇಂಚು ಜಾಗ ಬಿಡದೆ ಹೆಣ್ಣು ನೋಡಲು ಬರುವ ದಿನ, ಎಮ್ಮೆ ಈದದ್ದು, ಅಡಿಕೆ ಧಾರಣೆ. ನಡುವೆ ಒಂದು ತೂತು ಇರುತ್ತದೆ. ಹುಳ ತಿಂದದ್ದಲ್ಲ. ಬಂದ ಕಾಗದವನ್ನೆಲ್ಲ ಓದಿ ಗೋಡೆಯ ಪಕ್ಕದ ಕೊಕ್ಕೆ ತಂತಿಗೆ ಚುಚ್ಚಿಡುತ್ತಿದ್ದರಲ್ಲ, ಆ ತೂತು. ವ್ಯಾಪಾರಿಗಳು ತೂತಿದೆ ಅಂತ ಬೆಲೆ ಇಳಿಸುತ್ತಾರೆ, ನನಗೆ ತೂತೇ ಬೇಕು. ಒಂದೇ ಮನೆಯ ಕಾರ್ಡುಗಳು ಕಂತೆಯಾಗಿ ಸಿಕ್ಕರೆ ತೂತಿಗೆ ತೂತು ಸೇರಿಸಿ, ಯಾವುದರ ಮೇಲೆ ಯಾವುದು ಬಂತು ಅಂತ ಜೋಡಿಸಬಹುದು.

ಒಂದು ಎಚ್ಚರಿಕೆ. ಸಾವಿನ ಸುದ್ದಿಯ ಕಾರ್ಡನ್ನು ನಮ್ಮ ಕಡೆ ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ, ಓದಿ ಅಲ್ಲೇ ಹರಿದು ಹಾಕುತ್ತಿದ್ದರು. ಹಾಗಾಗಿ ಉಳಿದ ಕಂತೆಯನ್ನು ಓದಿದರೆ ಆ ಮನೆಯಲ್ಲಿ ಯಾರೂ ಸತ್ತೇ ಇಲ್ಲವೇನೋ ಅನಿಸುತ್ತದೆ. ಒಂದು ಹೆಸರು ನಾಲ್ಕು ವರ್ಷ ಪ್ರತಿ ಕಾರ್ಡಿನಲ್ಲೂ ಬಂದು, ಆಮೇಲೆ ಇದ್ದಕ್ಕಿದ್ದಂತೆ ಬರುವುದು ನಿಂತರೆ, ಹರಿದುಹೋದ ಕಾರ್ಡು ಆ ಜಾಗದ್ದು.

ಇಡುವುದು ಹೇಗೆ

ಇದು ಬೇಸರದ ಭಾಗ, ಬೇಗ ಮುಗಿಸುತ್ತೇನೆ. ಅಂಟಿನ ಹಾಳೆಯ ಆಲ್ಬಂ ಬೇಡ. ಮೆತ್ತಗೆ ವಾಸನೆ ಹೊಡೆಯುವ ಪಿವಿಸಿ ಕವರ್ ಬೇಡ, ಅದು ಕೆಲವು ವರ್ಷಕ್ಕೆ ಜಿಡ್ಡು ಬಿಟ್ಟು ಕಾರ್ಡಿಗೆ ಅಂಟುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್ ಕೇಳಿ ತಗೊಳ್ಳಿ. ಕಾರ್ಡು ಸುಮಾರು 9 ಸೆಂಟಿಮೀಟರ್ ಅಗಲ, 14 ಉದ್ದ ಇರುತ್ತದೆ, ಕವರ್ ಸ್ವಲ್ಪ ಸಡಿಲ ಇರಲಿ. ಸೆಲ್ಲೋ ಟೇಪು, ಲ್ಯಾಮಿನೇಷನ್ನು ಎರಡನ್ನೂ ಹತ್ತಿರ ಸುಳಿಯಲು ಬಿಡಬೇಡಿ. ಸ್ಟಾಂಪು ಚೆನ್ನಾಗಿದೆ ಅಂತ ಹಬೆ ಹಿಡಿದು ಕೀಳುವವರಿದ್ದಾರೆ, ಅವರ ಜೊತೆ ನಾನು ಕಾಫಿ ಕುಡಿಯುವುದಿಲ್ಲ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಆಗಾಗ ಬದಲಾಯಿಸಿ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ತಿಂಗಳಿಗೊಮ್ಮೆ ತೆರೆದು ನೋಡುವುದೇ ಹುಳಕ್ಕೆ ದೊಡ್ಡ ಔಷಧಿ.

ನಿಮ್ಮ ಗುರುತನ್ನು ಕಾರ್ಡಿನ ಮೇಲೆ ಬರೆಯಬೇಡಿ, ಕವರಿನ ಮೇಲೆ ಬರೆಯಿರಿ. ಈಚಿನ ಕಾರ್ಡಾದರೆ ಹೆಸರು, ವಿಳಾಸ ಕಾಣುವ ಹಾಗೆ ಆನ್‌ಲೈನಿನಲ್ಲಿ ಹಾಕಬೇಡಿ, ಆ ಮನೆಯಲ್ಲಿ ಮೊಮ್ಮಕ್ಕಳಿರಬಹುದು.

ಇನ್ನೊಂದು ಹೇಳುವುದು ಮರೆತೆ. ಕಾರ್ಡಿನ ಮೂಲೆಯಲ್ಲಿ ಕೆಲವೊಮ್ಮೆ ಸಣ್ಣ ನಂಬರ್ ಇರುತ್ತದೆ. ಪ್ರಕಾಶಕರು ಒಂದು ಊರಿನ ಚಿತ್ರಗಳನ್ನು ಸಾಲಾಗಿ ನಂಬರ್ ಹಾಕಿ ಮಾರುತ್ತಿದ್ದರು, ಫೋಟೋಗ್ರಾಫರು ಅದೇ ಬೆಳಿಗ್ಗೆ ಹತ್ತು ಹೆಜ್ಜೆ ಆಚೆ ಹೋಗಿ ಇನ್ನೊಂದು ಚಿತ್ರ ತೆಗೆದಿರುತ್ತಿದ್ದರು. ಎಫ್‌ಳ ಕಾರ್ಡಿನ ನಂಬರ್ 17. ನನ್ನ ಹತ್ತಿರ 15, 16, 19 ಇವೆ. 16ರಲ್ಲಿ ಜಟಕಾ ಇದೆ, ಹುಡುಗ ಇನ್ನೂ ಬಂದಿಲ್ಲ. 18 ಸಿಕ್ಕಿಲ್ಲ. ಬಣ್ಣದ್ದಾದರೂ ಸರಿ, ಕಪ್ಪು-ಬಿಳುಪಾದರೂ ಸರಿ, ಮೂಲೆ ಹರಿದಿದ್ದರೂ ಸರಿ, ಹುಡುಕುತ್ತಿದ್ದೇನೆ.